ಗಣಿಯ ಕೂಸು, ಹೊಲದ ಕೂಸು

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಹೊಲದಾಳಿಗೆ ವಾರಕ್ಕೆ ಸಿಗುತ್ತಿದ್ದ ಕೂಲಿ ಸುಮಾರು 15 ಶಿಲ್ಲಿಂಗ್. ಇಡೀ ದೇಶದಲ್ಲೇ ಅತಿ ಕಡಿಮೆ ಕೂಲಿಗಳಲ್ಲಿ ಅದೂ ಒಂದು. ಉತ್ತರದ ಡರ್ಹಮ್ ಸೀಮೆಯಲ್ಲಿ ಕಲ್ಲಿದ್ದಲು ಕಡಿಯುವವನು ಅದರ ಎರಡು ಪಟ್ಟು ದುಡಿಯುತ್ತಿದ್ದ. ಸಂಸಾರಸ್ಥನಾದರೆ ಗಣಿಯವರೇ ಮನೆ ಕೊಡುತ್ತಿದ್ದರು, ಒಲೆಗೆ ಕಲ್ಲಿದ್ದಲನ್ನೂ ಕೊಡುತ್ತಿದ್ದರು. ಬಡತನವೊಂದೇ ಮಕ್ಕಳನ್ನು ಕೊಲ್ಲುವುದಾದರೆ ಹೊಲದಾಳಿನ ಕೂಸು ಸಾಯಬೇಕಿತ್ತು, ಗಣಿಯವನ ಕೂಸು ಉಳಿಯಬೇಕಿತ್ತು. ಆದದ್ದು ತಿರುಗುಮುರುಗು. 1911ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಗಣಿ ಕಾರ್ಮಿಕರಿಗೆ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 160 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡವು. ಹೊಲದಾಳುಗಳ ಮಕ್ಕಳಲ್ಲಿ ಆ ಸಂಖ್ಯೆ 97.

ಈ ಲೆಕ್ಕ ತೆಗೆದವನು ಲಂಡನ್ನಿನ ಜನನ ಮರಣ ನೋಂದಣಿ ಕಚೇರಿಯ ಅಂಕಿಅಂಶ ಅಧಿಕಾರಿ ಟಿ.ಎಚ್.ಸಿ. ಸ್ಟೀವನ್‌ಸನ್. ತಂದೆಯ ಕಸುಬನ್ನು ನೋಡಿ ಇಡೀ ದೇಶದ ಕುಟುಂಬಗಳನ್ನು ಅವನು ಎಂಟು ಗುಂಪುಗಳಾಗಿ ವಿಂಗಡಿಸಿದ. ಮೇಲಿನ ಐದು ಗುಂಪುಗಳು ಸ್ಥಿತಿವಂತರಿಂದ ಹಿಡಿದು ಕಸುಬು ಕಲಿಯದ ಕೂಲಿಗಳವರೆಗೆ ಇಳಿಯುವ ಮೆಟ್ಟಿಲುಗಳು. ಜವಳಿ ಕಾರ್ಮಿಕರು, ಗಣಿಯವರು, ಹೊಲದಾಳುಗಳು ಆ ಮೆಟ್ಟಿಲಿನ ಲೆಕ್ಕಕ್ಕೆ ಸಿಗುವವರಲ್ಲ ಎಂದು ಅವರನ್ನು ಪ್ರತ್ಯೇಕ ಇಟ್ಟ. ಮೆಟ್ಟಿಲುಗಳು ನಿರೀಕ್ಷಿಸಿದಂತೆಯೇ ಇದ್ದವು. ಅತಿ ಮೇಲಿನವರ ಮನೆಯಲ್ಲಿ ಸಾವಿರಕ್ಕೆ 76 ಕೂಸುಗಳು ಸತ್ತರೆ ಅತಿ ಕೆಳಗಿನವರ ಮನೆಯಲ್ಲಿ 153. ಹೊರಗಿಟ್ಟ ಮೂರು ಗುಂಪುಗಳೇ ತಲೆ ಕೆಡಿಸಿದ್ದು. ಹೊಲದಾಳಿನ ಕೂಸು ಎರಡನೆಯ ಮೆಟ್ಟಿಲಿನ ಅಂಗಡಿಕಾರ, ರೈತರ ಕೂಸಿಗಿಂತಲೂ ಚೆನ್ನಾಗಿ ಬದುಕಿತ್ತು. ಅಲ್ಲಿ ಸಾವು 106. ಯಾಕೆ ಹೀಗೆ ಎಂಬ ಪ್ರಶ್ನೆಯ ಬೆನ್ನು ಹತ್ತಿ ಇಂಗ್ಲೆಂಡ್ ಆಗಲೇ ಅರ್ಧ ಶತಮಾನ ಕಳೆದಿತ್ತು. ಸಿಕ್ಕ ಉತ್ತರಗಳಲ್ಲಿ ಹೆಚ್ಚಿನವು ತಾಯಿಯ ಕಡೆಗೇ ಬೆರಳು ತೋರಿಸುತ್ತಿದ್ದವು.

ಇಂಥ ಲೆಕ್ಕಗಳು ಸಾಧ್ಯವಾದದ್ದು ಆ ದೇಶದಲ್ಲಿ 1837ರ ಜುಲೈ 1ರಿಂದ ಸರ್ಕಾರಿ ನೋಂದಣಿ ಶುರುವಾದ ಮೇಲೆ. ಅದಕ್ಕೆ ಜೀವ ತುಂಬಿದವನು ಶ್ರಾಪ್‌ಶೈರಿನ ಬಡ ಮನೆಯಲ್ಲಿ ಹುಟ್ಟಿದ ವೈದ್ಯ ವಿಲಿಯಂ ಫಾರ್. ನೋಂದಣಿ ಕಚೇರಿಯ ಕುರ್ಚಿಯಲ್ಲಿ ಅವನು ಸುಮಾರು ನಲವತ್ತು ವರ್ಷ ಕೂತ. ಸತ್ತವರನ್ನು ಎಣಿಸುವುದರಲ್ಲಿ ಅವನಿಗೆ ತೃಪ್ತಿಯಿರಲಿಲ್ಲ. ಒಂದು ಜಿಲ್ಲೆಯ ಸಾವನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವುದು ಅವನ ಹವ್ಯಾಸ. ವರ್ಷಕ್ಕೆ ಸಾವಿರ ಜನರಲ್ಲಿ 17ಕ್ಕಿಂತ ಹೆಚ್ಚು ಸಾಯದ 63 ಜಿಲ್ಲೆಗಳನ್ನು ಆರಿಸಿ ‘ಆರೋಗ್ಯವಂತ ಜಿಲ್ಲೆಗಳು’ ಎಂದು ಕರೆದ. ಅಲ್ಲಿ ಸಾಧ್ಯವಾದದ್ದು ಉಳಿದೆಡೆ ಯಾಕಿಲ್ಲ ಎಂಬುದು ಅವನ ವಾದ. ಆ 17ರ ಮೇಲಿನ ಒಂದೊಂದು ಸಾವೂ ತಪ್ಪಿಸಬಹುದಾಗಿದ್ದ ಸಾವು. ಸಾವನ್ನು ದೇವರ ಲೆಕ್ಕಕ್ಕೆ ಬರೆಯುತ್ತಿದ್ದ ಕಾಲದಲ್ಲಿ ಅದನ್ನು ವಿಂಗಡಿಸಿ ಊರಿನ ಲೆಕ್ಕಕ್ಕೆ ಬರೆದದ್ದು ಸಣ್ಣ ಕೆಲಸವಲ್ಲ.

ಕಾರಣಗಳ ಕಾಲಂ ಮಾತ್ರ ಬಹುಕಾಲ ಮಬ್ಬಾಗಿಯೇ ಇತ್ತು. ಹಸುಳೆ ಸತ್ತರೆ ‘ಹಲ್ಲು ಬರುವಾಗ’, ‘ಸೆಳವು’, ‘ನಿಶ್ಶಕ್ತಿ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಬಾಲಗ್ರಹ ಎಂದು ಹೇಳಿ ಮುಗಿಸುತ್ತಿದ್ದುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸ ನನಗಂತೂ ಕಾಣುವುದಿಲ್ಲ. ಅವರದು ಸರ್ಕಾರಿ ಕಾಗದದಲ್ಲಿತ್ತು, ಅಷ್ಟೇ.

ಊರು ಬೇರೆಯಾದಂತೆ ಸಾವೂ ಬೇರೆ ಎಂಬುದಕ್ಕೆ ಮೊದಲ ಆಘಾತಕಾರಿ ಪುರಾವೆ ಬಂದದ್ದು ಕಾರ್ಖಾನೆ ಪಟ್ಟಣಗಳಿಂದಲ್ಲ, ಹಳ್ಳಿಗಳಿಂದ. ಪೂರ್ವದ ಫೆನ್ಸ್ ಎಂಬ ಜೌಗು ಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಕೂಸುಗಳು ಮ್ಯಾಂಚೆಸ್ಟರ್‌ನಂಥ ಹೊಗೆಪಟ್ಟಣಕ್ಕೆ ಸರಿಸಮನಾಗಿ ಸಾಯುತ್ತಿದ್ದವು. ಸರ್ಕಾರದ ಮುಖ್ಯ ವೈದ್ಯಾಧಿಕಾರಿ ಜಾನ್ ಸೈಮನ್ ತನಿಖೆಗೆಂದು ಜೂಲಿಯನ್ ಹಂಟರ್ ಎಂಬ ವೈದ್ಯನನ್ನು ಕಳಿಸಿದ. 1864ರಲ್ಲಿ ವರದಿ ಅಚ್ಚಾಯಿತು. ಜೌಗಿನ ಮಲೇರಿಯಾವೇ ಕಾರಣವಿರಬೇಕು ಎಂದು ಎಲ್ಲರೂ ಎಣಿಸಿದ್ದರು. ಹಂಟರ್ ಕಂಡದ್ದು ಬೇರೆ. ಜೌಗಿನ ನೀರು ಬಸಿದು ನೆಲವನ್ನು ಉತ್ತುಬಿತ್ತಲು ಹದಗೊಳಿಸಿದ ಮೇಲೆ ಜ್ವರ ಕಡಿಮೆಯಾಗಿತ್ತು, ಕೂಸುಗಳ ಸಾವು ಏರಿತ್ತು.

ಹೊಸ ಹೊಲಗಳಿಗೆ ಆಳು ಬೇಕಿತ್ತು. ಕೂಲಿಗಳಿಗೆ ತಮ್ಮ ನೆಲದಲ್ಲಿ ಗುಡಿಸಲು ಕಟ್ಟಿಕೊಟ್ಟರೆ ನಾಳೆ ಅವರು ಬಡವರ ಪರಿಹಾರ ಕೇಳಿದಾಗ ತೆರಿಗೆ ತಮ್ಮ ತಲೆಗೆ ಬರುತ್ತದೆ ಎಂದು ಜಮೀನುದಾರರು ಹಿಂಜರಿದರು. ಹಾಗಾಗಿ ದೂರದ ಹಳ್ಳಿಗಳಿಂದ ಹೆಂಗಸರು, ಹುಡುಗ ಹುಡುಗಿಯರು ಒಬ್ಬ ಮೇಸ್ತ್ರಿಯ ಹಿಂದೆ ಗುಂಪು ಕಟ್ಟಿಕೊಂಡು ಮೈಲಿಗಟ್ಟಲೆ ನಡೆದು ಕಳೆ ಕೀಳಲು ಬರುತ್ತಿದ್ದರು. ಎದೆಗೂಸನ್ನು ಮನೆಯಲ್ಲಿ ಮುದುಕಿಯ ಕೈಲೋ ಏಳೆಂಟು ವರ್ಷದ ಅಕ್ಕನ ಕೈಲೋ ಬಿಟ್ಟುಬಂದಿರುತ್ತಿದ್ದರು. ಅತ್ತರೆ ಸುಮ್ಮನಿರಿಸಲು ಅಫೀಮು. ಫೆನ್ಸ್‌ನಲ್ಲಿ ಅಫೀಮು ಕಿರಾಣಿ ಸಾಮಾನಿನ ಹಾಗೆ ಮಾರಾಟವಾಗುತ್ತಿತ್ತು. ‘ಗಾಡ್‌ಫ್ರೀಸ್ ಕಾರ್ಡಿಯಲ್’ ಎಂಬ ಹೆಸರಿನಲ್ಲಿ ಕೂಸುಗಳಿಗೆಂದೇ ಸಿಹಿ ಕಷಾಯದಲ್ಲಿ ಬೆರೆತು ಬರುತ್ತಿತ್ತು. ಅಫೀಮು ಕುಡಿದ ಕೂಸು ಅಳುವುದಿಲ್ಲ, ಹಸಿವಾಯಿತೆಂದು ಹಾಲನ್ನೂ ಕೇಳುವುದಿಲ್ಲ. ದಿನದಿನಕ್ಕೆ ಸೊರಗಿ ಹೋಗುತ್ತದೆ. ಆ ಸೀಮೆಯ ಸುಮಾರು 70 ವೈದ್ಯರನ್ನು ಹಂಟರ್ ವಿಚಾರಿಸಿದ. ಕಾರಣದ ಬಗ್ಗೆ ಹೆಚ್ಚುಕಮ್ಮಿ ಎಲ್ಲರದೂ ಒಂದೇ ಮಾತು. ಕಾರ್ಲ್ ಮಾರ್ಕ್ಸ್ ಮೂರು ವರ್ಷದ ಮೇಲೆ ‘ಬಂಡವಾಳ’ದಲ್ಲಿ ಈ ವರದಿಯನ್ನು ಸಾಕ್ಷಿಯಾಗಿ ಎಳೆದು ತಂದದ್ದು ಸುಮ್ಮನೆ ಅಲ್ಲ. ಅದೇ 1867ರಲ್ಲಿ ಸಂಸತ್ತು ಈ ಕೂಲಿ ಗುಂಪುಗಳ ಮೇಲೆ ಕಾಯಿದೆ ತಂದಿತು. ಎಂಟು ವರ್ಷದೊಳಗಿನ ಮಕ್ಕಳು ಹೊಲಕ್ಕಿಳಿಯುವಂತಿಲ್ಲ ಎಂದಾಯಿತು. ಎದೆಗೂಸಿನ ತಾಯಿಯ ಗತಿ ಹಾಗೇ ಉಳಿಯಿತು.

ಫೆನ್ಸ್‌ನ ಪಾಠವನ್ನು ಜನ ತಮಗೆ ಬೇಕಾದಂತೆ ಕಲಿತರು. ಒಕ್ಕಲುತನದ ಹೊಸ ಪದ್ಧತಿ, ಗುಡಿಸಲು ಕಟ್ಟದ ಜಮೀನುದಾರ, ಮೈಲಿಗಟ್ಟಲೆ ನಡಿಗೆ ಇವೆಲ್ಲ ಮರೆತುಹೋಗಿ ನೆನಪಿನಲ್ಲಿ ಉಳಿದದ್ದು ಒಂದೇ: ತಾಯಿ ಕೆಲಸಕ್ಕೆ ಹೋದರೆ ಕೂಸು ಸಾಯುತ್ತದೆ. ಲ್ಯಾಂಕಾಶೈರಿನ ಹತ್ತಿ ಗಿರಣಿಗಳು ಈ ಮಾತಿಗೆ ಹೇಳಿ ಮಾಡಿಸಿದಂತಿದ್ದವು. ಪ್ರೆಸ್ಟನ್, ಬ್ಲ್ಯಾಕ್‌ಬರ್ನ್, ಬರ್ನ್ಲಿ ಪಟ್ಟಣಗಳಲ್ಲಿ ಮದುವೆಯಾದ ಹೆಂಗಸರಲ್ಲಿ ಮೂರರಲ್ಲೊಬ್ಬಳಿಗಿಂತ ಹೆಚ್ಚು ಮಂದಿ ದುಡಿಯುತ್ತಿದ್ದರು, ಬಹುಪಾಲು ಮಗ್ಗದ ಮುಂದೆ. ಬೆಳಗಿನ ಜಾವ ಶಾಲಿನಲ್ಲಿ ಕೂಸನ್ನು ಸುತ್ತಿಕೊಂಡು ಹೋಗಿ ನೋಡಿಕೊಳ್ಳುವ ಹೆಂಗಸಿನ ಮನೆಯಲ್ಲಿ ಬಿಟ್ಟು, ಆರು ಗಂಟೆಗೆ ಗಿರಣಿಯ ಗೇಟಿನೊಳಗೆ ಇರಬೇಕು. ಕೂಸಿಗೆ ನೀರಿನಲ್ಲಿ ಬೇಯಿಸಿದ ಬ್ರೆಡ್ಡು, ಮೇಲೆ ಚೂರು ಸಕ್ಕರೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಈ ಪಟ್ಟಣಗಳ ಕೆಟ್ಟ ವರ್ಷಗಳಲ್ಲಿ ಐದು ಕೂಸುಗಳಲ್ಲಿ ಒಂದಕ್ಕಿಂತ ಹೆಚ್ಚು ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ.

ಇದಕ್ಕೆ ಪುರಾವೆಯೆಂದು ಎಲ್ಲರೂ ಹೇಳುತ್ತಿದ್ದ ಒಂದು ಕಥೆ ನಮ್ಮ ಧಾರವಾಡವನ್ನೂ ಹಾದುಹೋಗುತ್ತದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲ್ಯಾಂಕಾಶೈರಿಗೆ ಹತ್ತಿ ಬರುವುದು ನಿಂತಿತು. ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಧಾರವಾಡ ಸೀಮೆಯ ‘ಧಾರವಾಡ ಅಮೆರಿಕನ್’ ಹತ್ತಿಯ ಮೇಲೆ ಬಿತ್ತು. ಅದನ್ನು ಹಡಗಿಗೇರಿಸಲು ಕಾರವಾರ ಬಂದರು ಬೇಕೆಂಬ ಒತ್ತಾಯ ಜೋರಾಯಿತು. 1862ರಲ್ಲಿ ಉತ್ತರ ಕನ್ನಡ ಮದರಾಸಿನ ಕೈಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ಹಿತಾಸಕ್ತಿಯೂ ಇತ್ತು. ಇಲ್ಲಿ ಹತ್ತಿಗೆ ಚಿನ್ನದ ಬೆಲೆ ಬಂದ ವರ್ಷಗಳಲ್ಲೇ ಅಲ್ಲಿ ಗಿರಣಿಗಳ ಬಾಗಿಲು ಮುಚ್ಚಿ ಲಕ್ಷಾಂತರ ಜನ ಗಂಜಿಕೇಂದ್ರದ ಸಾಲಿನಲ್ಲಿ ನಿಂತಿದ್ದರು. ಅಷ್ಟು ಹಸಿವಿದ್ದರೂ ಕೂಸುಗಳ ಸಾವು ಏರಲಿಲ್ಲ, ಇಳಿಯಿತು. ತಾಯಂದಿರು ಮನೆಯಲ್ಲಿದ್ದು ಎದೆಹಾಲು ಕೊಟ್ಟದ್ದೇ ಕಾರಣ ಎಂದು ಮುಂದಿನ ಐವತ್ತು ವರ್ಷ ವೈದ್ಯರು ಹೇಳುತ್ತಲೇ ಬಂದರು. 1882ರಲ್ಲಿ ಅರ್ಥಶಾಸ್ತ್ರಜ್ಞ ಸ್ಟ್ಯಾನ್ಲಿ ಜೆವನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶಾಲೆಗೆ ಹೋಗದ ವಯಸ್ಸಿನ ಮಕ್ಕಳಿರುವ ತಾಯಂದಿರಿಗೆ ಕಾರ್ಖಾನೆಯ ಬಾಗಿಲೇ ಮುಚ್ಚಬೇಕೆಂದು ಬರೆದ. ಅವರ ಊಟಕ್ಕೆ ದಾರಿ ಯಾವುದು ಎಂಬುದನ್ನು ಕಾನೂನು ಮಾಡುವವರು ಯಾರೂ ಹೇಳಲಿಲ್ಲ. ಕೊನೆಗೆ 1891ರ ಕಾಯಿದೆ ಹೆರಿಗೆಯಾದ ನಾಲ್ಕು ವಾರ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದಿತು. ಆ ನಾಲ್ಕು ವಾರದ ಕೂಲಿ ಕೊಡುವವರು ಯಾರೆಂದು ಅದರಲ್ಲಿರಲಿಲ್ಲ.

ಎದೆಹಾಲಿನ ಮಾತು ಸುಳ್ಳಲ್ಲ. ಸುಳ್ಳಾದದ್ದು ಅದಷ್ಟೇ ಕಾರಣ ಎಂಬುದು. ಡರ್ಹಮ್‌ನಲ್ಲೂ ದಕ್ಷಿಣ ವೇಲ್ಸಿನ ಗ್ಲಾಮಾರ್ಗನ್‌ನಲ್ಲೂ ಗಣಿಯವರ ಹೆಂಡಂದಿರು ಹೊರಗೆ ದುಡಿಯುತ್ತಿದ್ದುದು ಅಪರೂಪ. ಅಲ್ಲಿ ಹೆಂಗಸಿಗೆ ಕೆಲಸವೇ ಇರಲಿಲ್ಲ. ಆದರೂ ಕೂಸುಗಳು ಗಿರಣಿ ಪಟ್ಟಣಗಳಷ್ಟೇ ಸಾಯುತ್ತಿದ್ದವು. ಬರ್ಮಿಂಗ್‌ಹ್ಯಾಮ್‌ನ ಆರೋಗ್ಯಾಧಿಕಾರಿ ಜಾನ್ ರಾಬರ್ಟ್‌ಸನ್ ತನ್ನ ಊರಿನ ಅತಿ ಬಡ ವಾರ್ಡುಗಳಲ್ಲಿ ಮನೆಮನೆ ಲೆಕ್ಕ ಹಾಕಿಸಿದಾಗ, ಹೊರಗೆ ದುಡಿಯುವ ತಾಯಿಯ ಕೂಸು ಮನೆಯಲ್ಲಿರುವ ತಾಯಿಯ ಕೂಸಿಗಿಂತ ಹೆಚ್ಚು ಸಾಯುವುದೇನೂ ಕಾಣಲಿಲ್ಲ. ಮನೆಗೆ ಬರುವ ದುಡ್ಡು ಎಷ್ಟು ಎಂಬುದೇ ಎದ್ದು ಕಂಡಿತು. ಇನ್ನೊಂದು ಕಡೆ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ರಷ್ಯಾ, ಪೋಲೆಂಡಿನಿಂದ ಓಡಿಬಂದ ಯಹೂದಿಗಳು ಒಂದೊಂದು ಕೋಣೆಯಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದರು. ಅವರ ಕೂಸುಗಳು ಅಕ್ಕಪಕ್ಕದ ಇಂಗ್ಲಿಷ್ ಮನೆಗಳ ಕೂಸುಗಳಿಗಿಂತ ಹೆಚ್ಚು ಉಳಿಯುತ್ತಿದ್ದವು. ಅಲ್ಲಿನ ತಾಯಂದಿರು ಬಹುಕಾಲ ಎದೆಹಾಲು ಕೊಡುತ್ತಿದ್ದರು. ಅಡುಗೆಮನೆಯ ಮಡಿ ಬಿಡುತ್ತಿರಲಿಲ್ಲ. ಬಾಣಂತಿಗೆ ನೆರವಾಗಲು ಸಮುದಾಯದ ಸಂಘಗಳಿದ್ದವು.

1880ರ ದಶಕದಿಂದ ಇಂಗ್ಲೆಂಡಿನಲ್ಲಿ ಒಟ್ಟು ಸಾವು ಇಳಿಯುತ್ತಲೇ ಇತ್ತು. ಟೈಫಾಯ್ಡ್, ಸಿಡುಬು ಹಿಂದೆ ಸರಿದಿದ್ದವು. ಕೂಸುಗಳ ಸಾವು ಮಾತ್ರ ಫಾರ್ ಬರೆದ ಕಾಲದ 150ರ ಸುತ್ತಲೇ ಗಿರಕಿ ಹೊಡೆಯುತ್ತಿತ್ತು. 1899ರಲ್ಲಂತೂ 163ಕ್ಕೆ ಏರಿತು. 1890ರ ದಶಕದ ಬೇಸಿಗೆಗಳು ಸುಡುತ್ತಿದ್ದವು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಪಟ್ಟಣಗಳಲ್ಲಿ ಕೂಸುಗಳಿಗೆ ಭೇದಿ ಹತ್ತಿಕೊಳ್ಳುತ್ತಿತ್ತು. ಬೆಳಿಗ್ಗೆ ನಗುತ್ತಿದ್ದ ಕೂಸು ಎರಡು ದಿನದಲ್ಲಿ ಕಣ್ಣು ಗುಳಿಬಿದ್ದು ಇಲ್ಲವಾಗುತ್ತಿತ್ತು. ಲೆಸ್ಟರ್ ಪಟ್ಟಣ ಈ ಭೇದಿಗೇ ಹೆಸರುವಾಸಿ. ಅಲ್ಲಿ ತನಿಖೆ ಮಾಡಿದ ಎಡ್ವರ್ಡ್ ಬ್ಯಾಲಾರ್ಡ್ ನೆಲದಲ್ಲಿ ನಾಲ್ಕು ಅಡಿ ಆಳಕ್ಕೆ ಉಷ್ಣಮಾಪಕ ಇಳಿಸಿ ನೋಡಿದ. ಅದು 56 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಮೇಲೆ ಸಾವು ಏರತೊಡಗುತ್ತದೆ ಎಂದು ಬರೆದ. ನೆಲದೊಳಗೆ ಏನೋ ಹುದುಗಿದೆ ಎಂಬುದು ಅವನ ಊಹೆ. ಏನೆಂದು ಹೇಳಲಾಗಲಿಲ್ಲ.

ಮ್ಯಾಂಚೆಸ್ಟರಿನ ಆರೋಗ್ಯಾಧಿಕಾರಿ ಜೇಮ್ಸ್ ನಿವನ್ ನೆಲ ಬಿಟ್ಟು ಗಾಳಿಯಲ್ಲಿ ಹುಡುಕಿದ. ಊರಿನ ಬೇರೆ ಬೇರೆ ಕಡೆ ಬೋನು ಇಟ್ಟು ವಾರವಾರ ಬಿದ್ದ ನೊಣಗಳನ್ನು ಎಣಿಸಲು ಹಚ್ಚಿದ. ನೊಣಗಳ ಗೆರೆ ಮೇಲೇರಿದ ಬೆನ್ನಿಗೇ ಸಾವಿನ ಗೆರೆಯೂ ಏರುತ್ತಿತ್ತು, ಇಳಿದ ಬೆನ್ನಿಗೇ ಇಳಿಯುತ್ತಿತ್ತು. ನೊಣಕ್ಕೆ ಬೇಕಾದದ್ದು ಎರಡು: ಹೊಲಸು ಮತ್ತು ಸಿಹಿ. ಪಟ್ಟಣದಲ್ಲಿ ಎರಡೂ ಧಾರಾಳವಾಗಿದ್ದವು. ಬೀದಿಯಲ್ಲಿ ಕುದುರೆ ಲದ್ದಿ. ಮನೆಯ ಹಿತ್ತಲಲ್ಲಿ ಬೂದಿಯೂ ಮಲವೂ ಸೇರಿ ಕೊಳೆಯುವ ಗುಂಡಿ. ಒಳಗೆ ಮೇಜಿನ ಮೇಲೆ ತೆರೆದಿಟ್ಟ ಗಟ್ಟಿಹಾಲಿನ ಡಬ್ಬಿ. ಕೆನೆ ತೆಗೆದು ಸಕ್ಕರೆ ಬೆರೆಸಿದ ಆ ಹಾಲು ಅಗ್ಗ, ಕೆಡುವುದು ತಡ. ಕೂಸಿನ ಎಲುಬಿಗೆ ಬೇಕಾದ ಕೊಬ್ಬು ಅದರಲ್ಲಿರಲಿಲ್ಲ. ಕುಡಿಸುವ ಬಾಟಲಿಗೆ ಉದ್ದನೆಯ ರಬ್ಬರ್ ಕೊಳವೆ. ಕೂಸು ಮಲಗಿದ್ದಲ್ಲೇ ಚೀಪಿಕೊಳ್ಳಲಿ ಎಂಬ ಅನುಕೂಲಕ್ಕೆ ಮಾಡಿದ್ದು. ಅದರ ಒಳಭಾಗವನ್ನು ತೊಳೆಯಲು ಯಾವ ಬ್ರಷ್ಷಿಗೂ ಆಗುತ್ತಿರಲಿಲ್ಲ.

ಹೊಲದಾಳಿನ ಗುಟ್ಟು ಇಲ್ಲಿ ಅರ್ಧ ಬಿಚ್ಚಿಕೊಳ್ಳುತ್ತದೆ. ಅವನದು ಬಡ ಮನೆ, ಆದರೆ ಪಕ್ಕದ ಮನೆ ದೂರ. ಹಿತ್ತಲ ಹೊಲಸು ಕಾಯಿಪಲ್ಲೆ ಮಡಿಗೆ ಹೋಗುತ್ತಿತ್ತು. ಕೂಲಿಗುಂಪುಗಳ ಕಾಲ ಮುಗಿದು ಹೆಂಗಸರು ಹೊಲದ ಕೆಲಸದಿಂದ ಬಹುಮಟ್ಟಿಗೆ ಹಿಂದೆ ಸರಿದಿದ್ದರು. ಫೆನ್ಸ್‌ನ ದುರಂತ ಮರುಕಳಿಸದೆ ಇದ್ದದ್ದಕ್ಕೆ ಅದೂ ಒಂದು ಕಾರಣ. ಗಣಿಯ ಊರಿನಲ್ಲಿ ಸಾಲುಸಾಲು ಮನೆ, ಎರಡು ಸಾಲಿನ ನಡುವೆ ಕಲ್ಲು ಹಾಸದ ಕೆಸರು ಓಣಿ, ಓಣಿಯುದ್ದಕ್ಕೂ ಕಕ್ಕಸು ಗುಂಡಿಗಳು. ದೇಶದಲ್ಲೇ ಅತಿ ಹೆಚ್ಚು ಜನ ಒತ್ತೊತ್ತಾಗಿ ಮಲಗುತ್ತಿದ್ದದ್ದು ಡರ್ಹಮ್, ನಾರ್ತಂಬರ್ಲೆಂಡ್‌ಗಳಲ್ಲಿ. ‘ಕೆಲಸವಿಲ್ಲದ’ ಗಣಿಯವನ ಹೆಂಡತಿಯ ದಿನ ಹೇಗಿರುತ್ತಿತ್ತು ಎಂಬುದನ್ನೂ ನೋಡಬೇಕು. ಗಂಡ ಒಂದು ಪಾಳಿ, ಬೆಳೆದ ಮಕ್ಕಳು ಬೇರೆ ಬೇರೆ ಪಾಳಿ. ಒಬ್ಬೊಬ್ಬನು ಮಸಿ ಮೆತ್ತಿಕೊಂಡು ಬಂದಾಗಲೂ ಹೊರಗಿನ ನಲ್ಲಿಯಿಂದ ನೀರು ಹೊತ್ತು, ಕಾಯಿಸಿ, ಒಲೆಯ ಮುಂದೆ ತಗಡಿನ ತೊಟ್ಟಿಗೆ ಸುರಿಯಬೇಕು. ಊಟ ಬಿಸಿಯಿರಬೇಕು. ಬಟ್ಟೆ ಬಡಿದು ಒಣಗಿಸಬೇಕು. ಎರಡು ವರ್ಷಕ್ಕೊಂದು ಹೆರಿಗೆ. ಭಾರದ ತಪ್ಪಲೆ ಎತ್ತುತ್ತ ಬಸುರಿಯರು ಸೊರಗುತ್ತಿದ್ದರು, ಎಳೆಗೂಸುಗಳು ದಿನ ತುಂಬದೆ ಹುಟ್ಟುತ್ತಿದ್ದವು. ಸಂಬಳದ ಅರ್ಧವನ್ನು ಊರೇ ಹಿಂದಕ್ಕೆ ಕಿತ್ತುಕೊಂಡ ಹಾಗೆ.

ಸರ್ಕಾರದ ಕಣ್ಣು ತೆರೆಸಿದ್ದು ಮಾತ್ರ ಯುದ್ಧ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆ ಸೇರಲು ಮ್ಯಾಂಚೆಸ್ಟರಿನಲ್ಲಿ ಮುಂದೆ ಬಂದವರಲ್ಲಿ ಬಹುಪಾಲು ಜನ ಸಿಪಾಯಿಗಿರಿಗೆ ಲಾಯಕ್ಕಿಲ್ಲದವರು ಎಂದು ವಾಪಸ್ಸು ಹೋದ ಸುದ್ದಿ ಗುಲ್ಲೆಬ್ಬಿಸಿತು. ಸಾಮ್ರಾಜ್ಯ ಕಾಯಲು ಗಂಡಸರಿಲ್ಲ ಎಂಬ ದಿಗಿಲು ಹತ್ತಿದ ಮೇಲೆ, ತೊಟ್ಟಿಲಲ್ಲಿ ಸಾಯುವವರನ್ನು ಎಣಿಸುವ ಉತ್ಸಾಹ ಮೂಡಿತು. 1906ರಲ್ಲಿ ಶಿಶುಮರಣದ ಬಗ್ಗೆ ಮೊದಲ ರಾಷ್ಟ್ರೀಯ ಸಮ್ಮೇಳನ ಲಂಡನ್ನಿನಲ್ಲಿ ನಡೆಯಿತು. ಅಧ್ಯಕ್ಷ ಮಂತ್ರಿ ಜಾನ್ ಬರ್ನ್ಸ್, ಹದಿನೇಳು ವರ್ಷದ ಹಿಂದೆ ಲಂಡನ್ ಬಂದರಿನ ಹಮಾಲರ ಮುಷ್ಕರ ನಡೆಸಿದ ಅದೇ ಬರ್ನ್ಸ್. ಅವನೂ ಒತ್ತಿ ಹೇಳಿದ್ದು ತಾಯಿಯ ಬಗ್ಗೆಯೇ: ಅವಳು ಮನೆಯಲ್ಲಿರಬೇಕು, ಹೆಂಡದಿಂದ ದೂರವಿರಬೇಕು. ಅದೇ ವರ್ಷ ಜಾರ್ಜ್ ನ್ಯೂಮನ್ ಎಂಬ ವೈದ್ಯ ‘ಶಿಶುಮರಣ: ಒಂದು ಸಾಮಾಜಿಕ ಸಮಸ್ಯೆ’ ಎಂಬ ಪುಸ್ತಕ ಬರೆದ. ಹೆಸರಿನಲ್ಲಿ ಸಮಾಜ, ಒಳಗೆ ತಾಯ್ತನದ ಪಾಠ. ಈ ನ್ಯೂಮನ್‌ನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾನೆ.

ಎದುರು ನಿಂತವನು ಆರ್ಥರ್ ನ್ಯೂಸ್‌ಹೋಮ್. ಬ್ರೈಟನ್ನಿನಲ್ಲಿ ಇಪ್ಪತ್ತು ವರ್ಷ ಆರೋಗ್ಯಾಧಿಕಾರಿಯಾಗಿದ್ದು 1908ರಲ್ಲಿ ಸ್ಥಳೀಯಾಡಳಿತ ಮಂಡಳಿಯ ಮುಖ್ಯ ವೈದ್ಯಾಧಿಕಾರಿಯಾಗಿ ಬಂದ. 1910, 1913, 1914ರಲ್ಲಿ ಅವನು ಹೊರಡಿಸಿದ ಮೂರು ವರದಿಗಳು ಒಂದೊಂದು ಜಿಲ್ಲೆಯನ್ನೂ ಪಕ್ಕದ ಜಿಲ್ಲೆಯ ಎದುರು ನಿಲ್ಲಿಸಿದವು. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ನನ ಬಳಗ ಆಗ ಒಂದು ಭಯಂಕರ ವಾದ ಹೂಡಿತ್ತು. ದುರ್ಬಲ ಕೂಸುಗಳು ಸಾಯುವುದು ಪ್ರಕೃತಿಯ ಜರಡಿ, ಅದನ್ನು ತಡೆದರೆ ಜನಾಂಗವೇ ದುರ್ಬಲವಾಗುತ್ತದೆ ಎಂಬುದು ಅದರ ಸಾರ. ನ್ಯೂಸ್‌ಹೋಮ್ ಅದಕ್ಕೆ ಮಾತಿನಲ್ಲಿ ಉತ್ತರ ಕೊಡಲಿಲ್ಲ, ಕಾಲಂ ಬಿಡಿಸಿದ. ಜರಡಿ ನಿಜವಾದರೆ ಮೊದಲ ವರ್ಷ ಹೆಚ್ಚು ಕೂಸುಗಳು ಸತ್ತ ಜಿಲ್ಲೆಗಳಲ್ಲಿ ಉಳಿದ ಗಟ್ಟಿ ಮಕ್ಕಳು ಮುಂದಿನ ವರ್ಷಗಳಲ್ಲಿ ಕಡಿಮೆ ಸಾಯಬೇಕು. ಹಾಗಾಗಿರಲಿಲ್ಲ. ಎಲ್ಲಿ ಕೂಸುಗಳು ಹೆಚ್ಚು ಸಾಯುತ್ತಿದ್ದವೋ ಅಲ್ಲೇ ಎರಡು, ಮೂರು, ನಾಲ್ಕು ವರ್ಷದ ಮಕ್ಕಳೂ ಹೆಚ್ಚು ಸಾಯುತ್ತಿದ್ದರು. ಹೊಲಸು ಬೀದಿ ಬಲಹೀನರನ್ನಷ್ಟೇ ಆರಿಸಿಕೊಳ್ಳುವುದಿಲ್ಲ, ಉಳಿದವರನ್ನೂ ಮುರಿಯುತ್ತದೆ. ನೀರು ಹಾಯಿಸುವ ಕಕ್ಕಸು, ಕಲ್ಲು ಹಾಸಿದ ಹಿತ್ತಲು, ದಿನಾ ಎತ್ತುವ ಕಸ ಇವಿದ್ದ ಪಟ್ಟಣಗಳಲ್ಲಿ ಬೇಸಿಗೆ ಭೇದಿ ಕಡಿಮೆ ಎಂಬುದನ್ನೂ ತೋರಿಸಿದ. ತಾಯಿಗೆ ಬುದ್ಧಿ ಹೇಳುವುದು ಪುಕ್ಕಟೆ, ಒಳಚರಂಡಿಗೆ ದುಡ್ಡು ಬೇಕು. ನಗರಸಭೆಗಳಿಗೆ ಮೊದಲನೆಯದೇ ರುಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಬುದ್ಧಿ ಹೇಳಿದ್ದೆಲ್ಲ ವ್ಯರ್ಥವಾಯಿತು ಎಂದರೆ ಅದೂ ಅನ್ಯಾಯ. ಉಣ್ಣೆ ಗಿರಣಿಗಳ ಹಡರ್ಸ್‌ಫೀಲ್ಡ್‌ನಲ್ಲಿ 1904ರಲ್ಲಿ ಮೇಯರ್ ಆದ ಬೆಂಜಮಿನ್ ಬ್ರಾಡ್‌ಬೆಂಟ್ ಒಂದು ವಿಚಿತ್ರ ಘೋಷಣೆ ಮಾಡಿದ. ತನ್ನ ಅವಧಿಯಲ್ಲಿ ಲಾಂಗ್‌ವುಡ್ ಭಾಗದಲ್ಲಿ ಹುಟ್ಟುವ ಪ್ರತಿ ಕೂಸಿನ ಹೆಸರಿಗೂ ಒಂದು ಪೌಂಡಿನ ವಾಗ್ದಾನ ಪತ್ರ. ಕೂಸು ವರ್ಷ ತುಂಬಿಸಿದರೆ ಅದನ್ನು ತಂದು ದುಡ್ಡು ಪಡೆಯಬಹುದು. ಹೊಲದಾಳಿನ ವಾರದ ಕೂಲಿಗಿಂತ ಹೆಚ್ಚಿನ ಮೊತ್ತ ಅದು. ಹೆಂಗಸರು ಮನೆಮನೆಗೆ ಹೋಗಿ ಬಾಣಂತಿಯರನ್ನು ವಿಚಾರಿಸಿಕೊಂಡರು. ಹುಟ್ಟಿದ ಸುದ್ದಿಯೇ ವಾರಗಟ್ಟಲೆ ತಡವಾಗಿ ಬಂದರೆ ನೆರವು ತಲುಪುವುದು ಹೇಗೆಂದು, ಎರಡು ದಿನದೊಳಗೆ ತಿಳಿಸಲೇಬೇಕೆಂಬ ಅಧಿಕಾರವನ್ನು ಆ ಊರು 1906ರಲ್ಲಿ ಸಂಸತ್ತಿನಿಂದ ಪಡೆಯಿತು. ಮರುವರ್ಷ ಬೇರೆ ಊರುಗಳಿಗೂ ಅದಕ್ಕೆ ಅವಕಾಶವಾಯಿತು, 1915ರಲ್ಲಿ ಇಡೀ ದೇಶಕ್ಕೆ ಕಡ್ಡಾಯವಾಯಿತು. ಲಾಂಗ್‌ವುಡ್‌ನ ಸಾವು ಇಳಿದದ್ದು ನಿಜ. ಉಪದೇಶದಿಂದ ಎಷ್ಟು, ಪೌಂಡಿನಿಂದ ಎಷ್ಟು ಎಂದು ಆಗಿನವರೂ ತೂಗಿ ನೋಡಲಿಲ್ಲ. ಸೇಂಟ್ ಹೆಲೆನ್ಸ್ ಪಟ್ಟಣವಂತೂ 1899ರಲ್ಲೇ ಫ್ರಾನ್ಸಿನ ಮಾದರಿಯಲ್ಲಿ ಶುದ್ಧ ಹಾಲಿನ ಮಳಿಗೆ ತೆರೆದಿತ್ತು. ಬ್ಯಾಟರ್‌ಸೀ, ಲಿವರ್‌ಪೂಲ್ ಅದರ ಹಿಂದೆ ಬಂದವು.

ಉಪದೇಶದ ಮಿತಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವಳು ನ್ಯೂಜಿಲೆಂಡಿನಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ಮಾಡ್ ಪೆಂಬರ್ ರೀವ್ಸ್. ಸಮಾಜವಾದಿ ಫೇಬಿಯನ್ ಸಂಘದ ಮಹಿಳಾ ಗುಂಪಿನ ಗೆಳತಿಯರೊಂದಿಗೆ ಆಕೆ 1909ರಿಂದ ನಾಲ್ಕು ವರ್ಷ ಲಂಡನ್ನಿನ ಲ್ಯಾಂಬೆತ್‌ನ ಬೀದಿಗಳಲ್ಲಿ ವಾರವಾರ ಮನೆಗಳಿಗೆ ಹೋದಳು. ಕುಡುಕರ ಮನೆಗಳನ್ನು ಆರಿಸಲಿಲ್ಲ. ಕೆಲಸವಿರುವ, ಮರ್ಯಾದಸ್ಥ, ವಾರಕ್ಕೆ ಸುಮಾರು ಒಂದು ಪೌಂಡು ತರುವ ಗಂಡಸರ ಮನೆಗಳನ್ನೇ ಆರಿಸಿದಳು. ಹೆರಿಗೆಗೆ ಮೂರು ತಿಂಗಳ ಮೊದಲಿನಿಂದ ಕೂಸಿಗೆ ವರ್ಷ ತುಂಬುವವರೆಗೆ ಬಾಣಂತಿಗೂ ಕೂಸಿಗೂ ಪೌಷ್ಟಿಕ ಆಹಾರಕ್ಕೆ ನೆರವು. ಬದಲಿಗೆ ತಾಯಿ ಮನೆಯ ಖರ್ಚನ್ನು ಬರೆದಿಡಬೇಕು. ಅಕ್ಷರ ಬಾರದವರ ಲೆಕ್ಕವನ್ನು ಗಂಡನೋ ಮಗನೋ ಬರೆದ.

ಆ ಲೆಕ್ಕಪುಸ್ತಕಗಳಿಂದ ಹುಟ್ಟಿದ 1913ರ ಪುಸ್ತಕದಲ್ಲಿ ಗಂಜಿಯ ಪ್ರಸಂಗವೊಂದಿದೆ. ಬಡವರು ಮಕ್ಕಳಿಗೆ ಬೆಳಿಗ್ಗೆ ಓಟ್ಸ್ ಗಂಜಿ ಯಾಕೆ ಕೊಡಬಾರದು, ಅಗ್ಗವೂ ಹೌದು ಪುಷ್ಟಿಯೂ ಹೌದು ಎಂದು ದೊಡ್ಡಮನೆಯ ಹೆಂಗಸರು ಕೇಳುತ್ತಿದ್ದರು. ರೀವ್ಸ್ ವಿಚಾರಿಸಿದಾಗ ತಿಳಿದದ್ದು: ಗಂಜಿ ಬಹಳ ಹೊತ್ತು ಬೇಯಬೇಕು, ಅಷ್ಟು ಕಲ್ಲಿದ್ದಲಿಗೆ ದುಡ್ಡಿಲ್ಲ. ಮನೆಯಲ್ಲಿರುವುದು ಒಂದೇ ಹಳೆಯ ಪಾತ್ರೆ, ಹಿಂದಿನ ದಿನ ಅದರಲ್ಲಿ ಬೇಯಿಸಿದ್ದರ ವಾಸನೆ ಗಂಜಿಗೂ ಹತ್ತುತ್ತದೆ, ತಳ ಸೀಯುತ್ತದೆ. ಹಾಲು ಸಕ್ಕರೆಯಿಲ್ಲದೆ ಮಕ್ಕಳ ಗಂಟಲಲ್ಲಿ ಇಳಿಯುವುದಿಲ್ಲ. ಬ್ರೆಡ್ಡಿಗಾದರೆ ಒಲೆಯೂ ಬೇಡ ತಟ್ಟೆಯೂ ಬೇಡ. ಅಷ್ಟು ಬಿಗಿಯ ಲೆಕ್ಕದಲ್ಲೂ ತಪ್ಪದ ಬಾಬ್ತು ಒಂದಿತ್ತು, ಕೂಸಿನ ಶವಸಂಸ್ಕಾರದ ವಿಮೆ, ತಲೆಗೆ ವಾರಕ್ಕೆ ಒಂದು ಪೆನ್ನಿ. ಒಂದು ಎಳೆಗೂಸನ್ನು ಮಣ್ಣು ಮಾಡಲು ಮೂವತ್ತು ಶಿಲ್ಲಿಂಗಿನವರೆಗೂ ಬೀಳುತ್ತಿತ್ತು. ವಿಮೆ ಕಟ್ಟದಿದ್ದರೆ ಸಾಲ, ಇಲ್ಲವೇ ಸರ್ಕಾರಿ ಖರ್ಚಿನ ಅನಾಥ ಹೂಳಿಕೆ. ಆ ಪೆನ್ನಿಯನ್ನು ಹಾಲಿಗೆ ಹಾಕಬಾರದೇ ಎಂದು ಹೊರಗಿನವರು ಗೊಣಗುತ್ತಿದ್ದರು. ಕೂಸು ಸತ್ತರೆ ಉಳಿದ ಮಕ್ಕಳ ಬಾಯಿಯಿಂದಲೇ ಆ ದುಡ್ಡು ಕಿತ್ತುಕೊಳ್ಳಬೇಕಾಗುತ್ತದೆ ಎಂಬುದು ತಾಯಂದಿರಿಗೆ ಗೊತ್ತಿತ್ತು.

ಅಂತೂ ಇಳಿಕೆ ಬಂತು. 1910ರಲ್ಲಿ 105. 1911ರ ಸುಡುಬೇಸಿಗೆಯಲ್ಲಿ ಮತ್ತೆ 130ಕ್ಕೆ ಜಿಗಿದು ಮರುವರ್ಷ 95ಕ್ಕೆ ಬಿತ್ತು. ಭೇದಿಯ ಕೊನೆಯ ದೊಡ್ಡ ಹೊಡೆತ ಅದು. 1911ರ ರಾಷ್ಟ್ರೀಯ ವಿಮಾ ಕಾಯಿದೆ ಹೆರಿಗೆಗೆ 30 ಶಿಲ್ಲಿಂಗ್ ಗೊತ್ತುಮಾಡಿತು. ಸಹಕಾರಿ ಮಹಿಳಾ ಸಂಘದ ಹೆಂಗಸರು ಹೋರಾಡಿದ ಮೇಲೆ 1913ರಲ್ಲಿ ಆ ದುಡ್ಡು ಗಂಡನದಲ್ಲ, ತಾಯಿಯದೇ ಎಂದಾಯಿತು. ಮಹಾಯುದ್ಧದ ನಡುವೆ 1916ರಲ್ಲಿ ಸಂಖ್ಯೆ 91. ಹೆಂಗಸರು ಹಿಂಡುಹಿಂಡಾಗಿ ಮದ್ದುಗುಂಡಿನ ಕಾರ್ಖಾನೆಗೆ ಹೋದ ವರ್ಷ ಅದು. ದುಡಿಯುವ ತಾಯಿಯೇ ಕೊಲೆಗಾರ್ತಿ ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೇಕಿರಲಿಲ್ಲ. 1930ಕ್ಕೆ 60.

1919ರಿಂದ 1935ರವರೆಗೆ ಆರೋಗ್ಯ ಸಚಿವಾಲಯದ ಮುಖ್ಯ ವೈದ್ಯಾಧಿಕಾರಿಯಾಗಿದ್ದವನು ಆ ಜಾರ್ಜ್ ನ್ಯೂಮನ್. ಮೂವತ್ತರ ದಶಕದಲ್ಲಿ ಹಡಗುಕಟ್ಟೆಗಳು, ಗಣಿಗಳು ಮುಚ್ಚಿ ಉತ್ತರ ಇಂಗ್ಲೆಂಡೂ ವೇಲ್ಸೂ ನಿರುದ್ಯೋಗದಲ್ಲಿ ಮುಳುಗಿದ್ದಾಗ ಅವನ ವಾರ್ಷಿಕ ವರದಿಗಳು ರಾಷ್ಟ್ರದ ಸರಾಸರಿಯನ್ನು ಎತ್ತಿಹಿಡಿದು, ಜನರ ಆರೋಗ್ಯಕ್ಕೆ ಅಂಥ ಧಕ್ಕೆಯೇನೂ ಇಲ್ಲ ಎಂದವು. ಸರಾಸರಿಯಲ್ಲಿ ದಕ್ಷಿಣದ ಸುಖ ಉತ್ತರದ ಹಸಿವನ್ನು ಮುಚ್ಚುತ್ತದೆ. ಸ್ಟಾಕ್ಟನ್ ಎಂಬ ಉತ್ತರದ ಊರಿನ ಆರೋಗ್ಯಾಧಿಕಾರಿ ಜಾರ್ಜ್ ಮ್ಯಾಕ್‌ಗೊನಿಗಲ್ ಅದನ್ನು ತನ್ನದೇ ಬೀದಿಯಲ್ಲಿ ಕಂಡ. 1927ರಲ್ಲಿ ಒಂದು ಕೊಳೆಗೇರಿಯನ್ನು ಕೆಡವಿ ಅಲ್ಲಿನ ಜನರನ್ನು ಹೊಸ ಬಡಾವಣೆಗೆ ಒಯ್ದರು. ಒಳ್ಳೆಯ ಗೋಡೆ, ಗಾಳಿ ಬೆಳಕು, ನೀರಿನ ಕಕ್ಕಸು ಎಲ್ಲ ಇತ್ತು. ಮುಂದಿನ ಐದು ವರ್ಷದಲ್ಲಿ ಅಲ್ಲಿ ಸಾವು ಇಳಿಯಬೇಕಿತ್ತು, ಏರಿತು. ಕೆಡವದೆ ಬಿಟ್ಟ ಇನ್ನೊಂದು ಕೊಳೆಗೇರಿಯಲ್ಲೇ ಉಳಿದವರಲ್ಲಿ ಹಾಗಾಗಿರಲಿಲ್ಲ. ಸೋಂಕನ್ನೂ ಚರಂಡಿಯನ್ನೂ ನೋಡಿ ಏನೂ ಸಿಗದೆ ಕೊನೆಗೆ ಅವನು ಅಡುಗೆಮನೆಯ ಖರ್ಚು ಕೇಳಿದ. ಹೊಸ ಮನೆಯ ಬಾಡಿಗೆ ಹಳೆಯದರ ಸುಮಾರು ದುಪ್ಪಟ್ಟು. ನಿರುದ್ಯೋಗ ಭತ್ಯೆಯಲ್ಲಿ ಬಾಡಿಗೆ ಕಟ್ಟಿದ ಮೇಲೆ ಉಳಿದದ್ದರಲ್ಲಿ ಸಾಕಷ್ಟು ಊಟ ಕೊಳ್ಳಲು ಆಗುತ್ತಿರಲಿಲ್ಲ. ನ್ಯೂಸ್‌ಹೋಮ್‌ನ ಚರಂಡಿ ಬಂದರೂ ರೀವ್ಸ್‌ಳ ಲೆಕ್ಕಪುಸ್ತಕ ಬದಲಾಗಿರಲಿಲ್ಲ.

ಆ ಹೊತ್ತಿಗೆ ಲಂಡನ್ನಿನ ಒಂದು ವಿಮಾ ಕಂಪನಿಯಲ್ಲಿ ರಿಚರ್ಡ್ ಟಿಟ್ಮಸ್ ಎಂಬ ಗುಮಾಸ್ತನಿದ್ದ. ಬೆಡ್‌ಫರ್ಡ್‌ಶೈರಿನ ರೈತನ ಮಗ, ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಹಗಲು ವಿಮೆಯ ಲೆಕ್ಕ, ಸಂಜೆ ನೋಂದಣಿ ಕಚೇರಿಯ ಹಳೆಯ ಕೋಷ್ಟಕಗಳು. 1938ರಲ್ಲಿ ‘ಬಡತನ ಮತ್ತು ಜನಸಂಖ್ಯೆ’ ಎಂಬ ಪುಸ್ತಕದಲ್ಲಿ ಉತ್ತರ ಮತ್ತು ವೇಲ್ಸಿನ ಸಾವನ್ನು ಲಂಡನ್ನಿನ ಸುತ್ತಲಿನ ಸೀಮೆಗಳ ಸಾವಿನ ಎದುರಿಗಿಟ್ಟ. 1943ರಲ್ಲಿ, ಬಾಂಬುಗಳ ನಡುವೆ ಇನ್ನೊಂದು ಪುಸ್ತಕ ತಂದ. ಗಣಿಯವರ, ಹೊಲದಾಳುಗಳ ಪ್ರತ್ಯೇಕ ಕಾಲಂಗಳನ್ನು 1921ರ ಹೊತ್ತಿಗೇ ಕೈಬಿಟ್ಟು ಎಲ್ಲರನ್ನೂ ಐದೇ ಮೆಟ್ಟಿಲಿಗೆ ಹಂಚಿದ್ದರಿಂದ ಅವನಿಗೆ ಸಿಕ್ಕದ್ದು ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು. 1911ರಲ್ಲಿ ಅವು 76 ಮತ್ತು 153. 1930ರಿಂದ 32ರ ಅವಧಿಗೆ 33 ಮತ್ತು 77. ಎರಡೂ ಕಡೆ ಸಾವು ಅರ್ಧದಷ್ಟಾಗಿತ್ತು. ಸಚಿವಾಲಯ ಅಷ್ಟನ್ನು ಓದಿ ಸಮಾಧಾನಪಟ್ಟಿತ್ತು. ಟಿಟ್ಮಸ್ ಒಂದನ್ನು ಇನ್ನೊಂದರಿಂದ ಭಾಗಿಸಿದ. ಸ್ಟೀವನ್‌ಸನ್ನನ ಕಾಲದಲ್ಲಿ ಕೂಲಿಯ ಕೂಸು ಸ್ಥಿತಿವಂತನ ಕೂಸಿನ ಎರಡು ಪಟ್ಟು ಸಾಯುತ್ತಿತ್ತು. ಇಪ್ಪತ್ತು ವರ್ಷದ ಕಾಯಿದೆ, ಹಾಲಿನ ಮಳಿಗೆ, ಆರೋಗ್ಯ ಸಂದರ್ಶಕಿಯರು ಎಲ್ಲ ಬಂದ ಮೇಲೆ ಅದು ಎರಡೂಕಾಲು ಪಟ್ಟನ್ನು ದಾಟಿತ್ತು.